ಕಂಬದಿಂದ ಹನ್ನೆರಡು ಹೆಜ್ಜೆ

ದೀಪದ ಗುಡ್ಡೆ, ಉಪ್ಪುಂದ
೯–೧೨–೧೯೬೪, ಬುಧವಾರ, ಬೆಳಿಗ್ಗೆ

ಗುಲಾಬಿಯ ಅಪ್ಪಯ್ಯನಿಗೆ,

ಮದುವೆಯಾಗಿ ಏಳು ವರ್ಷವಾದರೂ ನಿಮ್ಮ ಹೆಸರು ಬರೆಯಲು ಕೈ ಏಳುವುದಿಲ್ಲ. ಆದ್ದರಿಂದ ಇವತ್ತೂ ಮಗಳ ಹೆಸರಿನ ಹಿಂದೆ ನಿಂತು ಮಾತಾಡುತ್ತೇನೆ. ನಿಮ್ಮ ಕಾಗದ ನಿನ್ನೆ ಸಂಜೆ ಸಿಕ್ಕಿತು. ನಾಲ್ಕು ಸಾಲು. ಸೋಮವಾರ ಕಚೇರಿಯಲ್ಲಿ ವಿಚಾರಣೆ ಇದೆ, ಗೋಪುರದ ದೀಪ ತಿರುಗಿಸುವ ಯಂತ್ರಕ್ಕೆ ಕೀಲಿ ಕೊಡುವುದು ತಡವಾದದ್ದು ನನ್ನ ತಪ್ಪು ಎಂದು ಬರೆದ ಕಾಗದ ತಯಾರಾಗಿದೆ, ಸಹಿ ಹಾಕಿ ಬರುತ್ತೇನೆ, ಕೆಲಸ ಹೋದರೆ ಹೋಗಲಿ, ಮಕ್ಕಳನ್ನು ನೋಡಿಕೋ ಅಂತ. ಚಿಕ್ಕದಕ್ಕೆ ಇನ್ನೂ ಹೆಸರು ಇಟ್ಟಿಲ್ಲ, ಅದರ ಬಗ್ಗೆ ಒಂದಕ್ಷರ ಇಲ್ಲ. ಇರಲಿ, ಜಗಳ ಆಡಲು ಬರೆಯುತ್ತಿಲ್ಲ.

ಸಹಿ ಹಾಕಬೇಡಿ. ಇಡೀ ಕಾಗದದಲ್ಲಿ ನಿಮಗೆ ಬೇಕಾದ್ದು ಇದೊಂದೇ ಮಾತು, ಆದ್ದರಿಂದ ಮೊದಲೇ ಬರೆದಿದ್ದೇನೆ. ದೋಣಿ ಮರಳಿಗೆ ಹೊಡೆದು ಚಂದು ಸತ್ತದ್ದು ನಿಮ್ಮಿಂದ ಅಲ್ಲ.

ಟಪ್ಪಾಲಿಗೆ ಹಾಕಿದರೆ ಸೋಮವಾರದೊಳಗೆ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಗೆ ನನ್ನ ಅಮ್ಮನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಹತ್ತು ಗಂಟೆಯ ಬಸ್ಸಿಗೆ ಹೊರಡುತ್ತಾಳೆ. ನಿಮ್ಮ ಅಣ್ಣನ ಹೋಟೆಲು ಕುಂದಾಪುರದಲ್ಲಿ ಎಲ್ಲಿದೆ ಎಂದು ಅವಳಿಗೆ ಮೂರು ಸಲ ಹೇಳಿ, ತಿರುಗಿ ಅವಳ ಬಾಯಲ್ಲೇ ಹೇಳಿಸಿದ್ದೇನೆ. ಅವಳಿಗೆ ಓದಲು ಬಾರದು, ನಿಮಗೆ ಗೊತ್ತು. ನೀವು ಇದನ್ನು ಓದುವಾಗ ಅವಳು ಎದುರಿಗೆ ಕೂತಿರುತ್ತಾಳೆ. ದಯವಿಟ್ಟು ಅವಳ ಮುಖ ನೋಡಬೇಡಿ. ಒಂದು ಕಾಫಿ ಕೊಡಿಸಿ, ಆಚೆ ಹೋಗಿ ಓದಿ.

ನೀವು ಒಬ್ಬರು. ಪಕ್ಕದ ಮನೆಯಲ್ಲಿ ಯಾರಾದರೂ ಕೆಮ್ಮಿದರೂ ನನ್ನಿಂದಲೇ ಎನ್ನುವವರು. ಆ ಶನಿವಾರ ರಾತ್ರಿ ಏಳೂವರೆಗೆ ಯಂತ್ರಕ್ಕೆ ಕೀಲಿ ಕೊಡಬೇಕಿತ್ತು, ಮೆಟ್ಟಿಲ ಮೇಲೆ ಕೂತವರಿಗೆ ಕಣ್ಣು ಹತ್ತಿತು, ಎಚ್ಚರವಾದಾಗ ಏಳು ಮುಕ್ಕಾಲಾಗಿತ್ತು, ಅಷ್ಟರೊಳಗೆ ದೋಣಿ ಹೊಡೆದಾಗಿತ್ತು. ಹೌದು. ಅದಕ್ಕೆ ಮೊದಲು ಆರು ರಾತ್ರಿ ನೀವು ನಿದ್ದೆ ಮಾಡಿರಲಿಲ್ಲ, ಮೇಲೆ ಸರ್ಕಾರದ ದೀಪ, ಕೆಳಗೆ ನನ್ನ ಹೆರಿಗೆ. ಆದರೆ ಕೀಲಿ ಪೂರ್ತಿ ಇಳಿಯಲು ಎರಡು ಗಂಟೆ ಬೇಕು, ಒಂದೂವರೆ ಗಂಟೆಗೆ ಕೊಡುವುದು ಜಾಗ್ರತೆಗೆ ಎಂದು ನೀವೇ ನನಗೆ ಮದುವೆಯ ಹೊಸತರಲ್ಲಿ ಹೇಳಿದ್ದಿರಿ. ಆರಕ್ಕೆ ಕೊಟ್ಟ ಕೀಲಿ ಏಳು ಮುಕ್ಕಾಲಿಗೆ ನಿಲ್ಲುವುದಿಲ್ಲ. ಆ ಲೆಕ್ಕವನ್ನು ನಿಮ್ಮ ತಲೆ ಹೇಗೆ ಮರೆಯಿತೋ. ದೋಣಿಯಲ್ಲಿದ್ದ ಕುಷ್ಟ ಮರುದಿನವೇ ಹೇಳಿದ್ದಾನೆ, “ಮೇಲಿನ್ ದೀಪ ಮಿಂಚ್ತಾ ಇದ್ದಿತ್ತ್, ಒಂದ್ ಮಿಂಚೂ ತಪ್ಪಲಿಲ್ಲೆ” ಅಂತ. ನಿಮ್ಮ ಮೇಲಿನವರು ಬಂದು ಕೈಗಡಿಯಾರ ಹಿಡಿದು ಎರಡು ರಾತ್ರಿ ಎಣಿಸಿದರು, ಹತ್ತು ಎಣಿಸುವುದರೊಳಗೆ ಎರಡು ಮಿಂಚು, ಸರಿಯಾಗಿಯೇ ಇತ್ತು. ಕೀಲಿ ಕೊಟ್ಟ ಹೊತ್ತು ಬರೆಯುವ ಪುಸ್ತಕದಲ್ಲಿ ಏಳೂವರೆಯ ಮನೆ ಖಾಲಿ ಇದ್ದದ್ದು ಬಿಟ್ಟರೆ ಅವರಿಗೆ ಹಿಡಿಯಲು ಬೇರೆ ಏನೂ ಸಿಕ್ಕಲಿಲ್ಲ. ಆ ಖಾಲಿ ಮನೆಯನ್ನು ನೀವೇ ತೋರಿಸಿದಿರಿ.

ಅವರು ಗೋಪುರ ನೋಡಿದರು, ಬತ್ತಿ ನೋಡಿದರು, ಎಣ್ಣೆ ನೋಡಿದರು. ನಮ್ಮ ಅಂಗಳ ನೋಡಲಿಲ್ಲ. ಹೇಗೆ ನೋಡುತ್ತಾರೆ? ನಮ್ಮ ಅಂಗಳದ ಕಂಬ ಅವರ ಯಾವ ಪುಸ್ತಕದಲ್ಲೂ ಇಲ್ಲ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬೇಕೆಂದೇ ಬರೆಯುತ್ತಿದ್ದೇನೆ, ಸೋಮವಾರ ಈ ಕಾಗದ ಅಧಿಕಾರಿಗಳ ಕೈಗೆ ಹೋದರೆ ಅವರಿಗೂ ತಿಳಿಯಬೇಕು. ಗೋಪುರದ ದೀಪ ದೂರದ ಹಡಗಿಗೆ. ಇದು ಇಂಥ ಊರಿನ ದಡ, ಹತ್ತಿರ ಬರಬೇಡ ಎನ್ನುವುದು ಅದರ ಕೆಲಸ. ನಮ್ಮ ಊರಿನ ದೋಣಿಗೆ ಹತ್ತಿರ ಬಾರದೆ ಗತಿಯಿಲ್ಲ. ಅದು ಅಳಿವೆಯ ಬಾಯಿ ಹೊಕ್ಕು ಹೊಳೆಗೆ ಬರಬೇಕು, ಎರಡೂ ಕಡೆ ಮರಳು, ಕತ್ತಲೆಯಲ್ಲಿ ನೀರೆಲ್ಲ ಒಂದೇ. ಅದಕ್ಕೆ ನಮ್ಮ ಅಂಗಳದ ಕಂಬದ ಮೇಲೆ ಒಂದು ಲಾಟೀನು. ಗೋಪುರದ ದೀಪ ಲಾಟೀನಿನ ನೆತ್ತಿಯ ಮೇಲೆ ಸರಿಯಾಗಿ ಕೂತರೆ ದೋಣಿ ಬಾಯಿಯ ನೇರಕ್ಕಿದೆ. ಮಳೆಗಾಲ ಬಾಯಿಯನ್ನು ಪ್ರತಿ ವರ್ಷ ಸ್ವಲ್ಪ ಆಚೀಚೆ ಮಾಡುತ್ತದೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲೆರೆದ ಮೇಲೆ ಕುಷ್ಟ ಬಿದಿರಿನ ಗಳು ಹಿಡಿದು ನೀರಿನ ಆಳ ಕುತ್ತಿ ನೋಡಿ ಅಂಗಳಕ್ಕೆ ಬರುತ್ತಾನೆ. “ಈ ಸಲ ಎರಡ್ ಹೆಜ್ಜಿ ಬಡಗಿಗ್” ಎನ್ನುತ್ತಾನೆ. ಕಂಬ ಕಿತ್ತು, ಬುಡದ ಕಲ್ಲಿನ ಸಮೇತ ಎರಡು ಹೆಜ್ಜೆ ಉತ್ತರಕ್ಕೆ ನೆಡುತ್ತೇವೆ. ನಿಮ್ಮ ಅಮ್ಮ ಮೂವತ್ತು ವರ್ಷ ಆ ಲಾಟೀನು ಹಚ್ಚಿದರು, ಆಮೇಲೆ ನಾನು.

ಈಗ ಆ ಶನಿವಾರ. ದೀಪಾವಳಿ ಕಳೆದು ಮೂರನೇ ದಿನ. ಕೂಸು ಹುಟ್ಟಿ ಏಳನೇ ದಿನ, ಮನೆಗೆ ಅಮೆ, ಹೆರಿಗೆಯ ಸೂತಕ. ಕಂಬದ ಬುಡದಲ್ಲಿ ಕಡಲು ಕಾಯುವ ದೈವ ಬೊಬ್ಬರ್ಯನ ಕಲ್ಲು ಇರುವುದರಿಂದ ಅಮೆಯವರು ಅದನ್ನು ಮುಟ್ಟುವಂತಿಲ್ಲ. ನಿಮಗೂ ಅಮೆಯೇ, ಆದರೆ ನೀವು ಮೇಲೆ ಹೋಗಿ ದೀಪ ಹಚ್ಚುತ್ತಿದ್ದಿರಿ. ಸರ್ಕಾರಿ ದೀಪಕ್ಕೆ ಅಮೆಯಿಲ್ಲ, ಮನೆ ದೀಪಕ್ಕೆ ಇದೆ ಎಂದು ನಾನು ಮಲಗಿದಲ್ಲಿಂದಲೇ ಹಂಗಿಸಿದ್ದೆ, ನೆನಪಿದೆಯೇ? ನೀವು ನಗಲೂ ಇಲ್ಲ. ಚಂದುವಿನ ಹೆಂಡತಿ ಜಲಜ ದಿನಾ ಸಂಜೆ ಬಂದು ಕಂಬದ ಲಾಟೀನು ಹಚ್ಚಿ ಹೋಗುತ್ತಿದ್ದಳು. ಆ ದಿನ ಅವಳ ಮಗುವಿಗೆ ಜ್ವರ. ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದಳು.

ನನ್ನ ಅಮ್ಮ, ನಾನು ಹಚ್ಚುತ್ತೇನೆ ಎಂದಳು. “ನಂಗೆಂತ ಅಮೆ? ನಾನ್ ಬೇರೆ ಮನಿಯವ್ಳ್ ಅಲ್ದಾ” ಅಂದಳು. ಸರಿಯೇ. ಆದರೆ ಅವಳು ಕೊಕ್ಕರ್ಣೆಯವಳು, ಗದ್ದೆ, ಹಟ್ಟಿ, ಸೊಪ್ಪು ಕಂಡವಳು. ಸಮುದ್ರವನ್ನು ಅವಳು ದೇವಸ್ಥಾನಕ್ಕೆ ಹೋದಾಗ ಎರಡು ಸಲ ನೋಡಿರಬೇಕು. ಅವಳ ಕಣ್ಣಿಗೆ ಬಿದ್ದದ್ದು ಏನು ಗೊತ್ತೇ? ಕಾರ್ತಿಕ ಮಾಸ, ಊರಿನ ಮನೆ ಮನೆಯ ತುಳಸಿಗೂ ದೀಪ, ಮಗಳ ಮನೆಯ ತುಳಸಿ ಕತ್ತಲಲ್ಲಿ. ದೀಪ ಇರುವುದು ಯಾರೂ ಇಲ್ಲದ ಮರಳಿನ ಅಂಚಿನಲ್ಲಿ, ಒಂದು ಮರದ ಕಂಬಕ್ಕೆ. ಇನ್ನೊಂದು ಲಾಟೀನಿನ ಗಾಜು ನೀವು ಮೇಲಕ್ಕೆ ಒಯ್ದಿದ್ದಿರಿ, ಹಣತೆ ಇಟ್ಟರೆ ಆ ಗಾಳಿಗೆ ಒಂದು ಗಳಿಗೆ ನಿಲ್ಲುವುದಿಲ್ಲ. ಅವಳು ಬಾಗಿಲಲ್ಲಿ ನಿಂತು ಕೇಳಿದಳು, “ಹೆಣೆ, ಕಾರ್ತಿಕದಗ್ ತುಳ್ಸಿ ಕತ್ತಲಿಯಗ್ ಇಪ್ಪುದಾ? ಇವತ್ ಒಂದಿನ ಲಾಟೀನ್ ಅಲ್ಲಿಗೆ ಇಡ್ಲಾ?”

ಅವಳು ತಿಳಿಯದೆ ಇಟ್ಟಳು ಎಂದು ಬರೆದು ಮುಗಿಸಬಹುದಿತ್ತು. ಮೂವತ್ತೆರಡು ದಿನ ಮನಸ್ಸಿನಲ್ಲಿ ಹಾಗೇ ಬರೆದುಕೊಂಡೆ. ಅವಳು ಕೇಳಿಯೇ ಇಟ್ಟಳು. ನಾನು ಹ್ಞೂಂ ಅಂದೆ.

ಯಾಕೆ ಅಂದೆ ಎಂದು ನೀವು ಕೇಳುತ್ತೀರಿ. ಸಿಟ್ಟಿಗೆ ಅಂದೆ. ಕೂಸು ಹುಟ್ಟಿದ ದಿನ ನೀವು ಹೊಸಿಲ ಹೊರಗೆ ನಿಂತು, “ಎಂತ ಮಗು?” ಎಂದು ಕೇಳಿ, ಹೆಣ್ಣು ಎಂದಾಗ “ಆಯ್ತ್, ದೀಪಕ್ಕೆ ಹೊತ್ತಾಯ್ತ್” ಎಂದು ಗುಡ್ಡೆ ಹತ್ತಿದಿರಿ. ನಿಮ್ಮ ಮನಸ್ಸಿನಲ್ಲಿ ಏನೂ ಇರಲಿಲ್ಲ, ದೀಪಕ್ಕೆ ಹೊತ್ತಾದದ್ದು ನಿಜವೇ. ಆದರೆ ಬಾಳಂತಿಯ ಕಿವಿಗೆ ಅದು ಹಾಗೆ ಕೇಳುವುದಿಲ್ಲ. ಏಳು ವರ್ಷ ಈ ಮನೆಯಲ್ಲಿ ನಾನು ದೀಪಗಳ ನಡುವೆಯೇ ಬದುಕಿದ್ದೇನೆ, ಮೇಲಿನದ್ದು ಹಡಗಿಗೆ, ಕೆಳಗಿನದ್ದು ದೋಣಿಗೆ. ನನ್ನ ತುಳಸಿಗೆ ಒಂದು ಸಂಜೆ ಇರಲಿ ಎಂದು ಹಟ ಬಂತು. ಆ ಹೊತ್ತಿಗೆ ಎಲ್ಲ ದೋಣಿ ಬಂದಾಗಿದೆ ಎಂದೂ ಎಣಿಸಿದ್ದೆ. ಚಂದುವಿನ ದೋಣಿ ಗಂಗೊಳ್ಳಿಗೆ ಮೀನು ಕೊಡಲು ಹೋದದ್ದು ನನಗೆ ಗೊತ್ತಿರಲಿಲ್ಲ. ಜಲಜ ಬಂದಿದ್ದರೆ ಹೇಳುತ್ತಿದ್ದಳು.

ತುಳಸಿ ಕಟ್ಟೆ ಕಂಬದಿಂದ ತೆಂಕಿಗೆ ಹನ್ನೆರಡು ಹೆಜ್ಜೆ. ಮೊನ್ನೆ ಗುಲಾಬಿಯಿಂದ ಅಳೆಯಿಸಿದೆ, ಅವಳ ಹೆಜ್ಜೆಗೆ ಇಪ್ಪತ್ತು. ಹನ್ನೆರಡು ಹೆಜ್ಜೆಯಲ್ಲಿ ಏನಾಗುತ್ತದೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು ಕೋಣೆಯ ನೆಲದಲ್ಲಿ ಮೂರು ಹುರುಳಿ ಕಾಳು ಇಟ್ಟು ದಾರ ಎಳೆದು ನೋಡಿದೆ. ಒಂದು ಗೋಪುರ, ಒಂದು ಕಂಬ, ದೂರದಲ್ಲಿ ಅಳಿವೆಯ ಬಾಯಿ. ನಡುವಿನ ಕಾಳನ್ನು ಒಂದು ಬೆರಳಿನಷ್ಟು ತೆಂಕಿಗೆ ಸರಿಸಿದರೆ ದಾರದ ಆಚೆ ತುದಿ ಐದು ಬೆರಳು ಸರಿಯಿತು. ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲವೂ ತುದಿ ಮರಳಿನ ದಿಬ್ಬಕ್ಕೇ ಹೋಗಿ ಬಿತ್ತು. ಕೂಸು ಅಳುತ್ತಿತ್ತು, ನಾನು ನೆಲದಲ್ಲಿ ಕೂತು ಹುರುಳಿ ಸರಿಸುತ್ತಿದ್ದೆ. ಬಾಳಂತಿಗೆ ತಲೆ ಕೆಟ್ಟಿದೆ ಎಂದು ಅಮ್ಮ ಹೆದರಿದಳು.

ನೀರಿನ ಕಡೆಯಿಂದ ಕೂಗು ಕೇಳಿದ ಕೂಡಲೇ ಅಮ್ಮ ಕೇರಿಗೆ ಓಡಿ ಜನ ಕರೆದಳು. ಹೋಗುವ ಮೊದಲು ಲಾಟೀನನ್ನು ತಿರುಗಿ ಕಂಬಕ್ಕೆ ಇಟ್ಟಳು, ಗಡಿಬಿಡಿಯಲ್ಲಿ ಅವಳಿಗೆ ಹಾಗೆ ತೋಚಿತು. ಜನ ಬಂದಾಗ ದೀಪ ಅದರ ಜಾಗದಲ್ಲೇ ಇತ್ತು. ದೋಣಿಯಲ್ಲಿದ್ದ ಐದು ಜನರಲ್ಲಿ ನಾಲ್ವರು ದಡಕ್ಕೆ ಬಂದರು. ಚಂದು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ನೀವು ಗೋಪುರ ಬಿಟ್ಟು ಬರುವ ಹಾಗಿಲ್ಲ, ಬೆಳಕು ಹರಿದ ಮೇಲೆ ಇಳಿದು ಬಂದು ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಿರಿ, “ಕಂಬದ್ ದೀಪ ಹಚ್ಚಿದ್ರ್ಯಾ?” ಅಂತ. “ಹಚ್ಚಿತ್ತ್” ಎಂದೆ. ಸುಳ್ಳಲ್ಲ, ದೀಪ ಹಚ್ಚಿತ್ತು. ಎಲ್ಲಿ ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಮೇಲಿನ ಬೆಳಕಿನಲ್ಲಿ ನಿಂತವರಿಗೆ ಕೆಳಗಿನ ಅಂಗಳ ಕಾಣುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ನಾನು ಬಾಯಿ ಮುಚ್ಚಿ ಕೂತದ್ದರಿಂದ ಏನಾಯಿತು ನೋಡಿ. ಕೆಳಗಿನ ದೀಪ ಸರಿ ಇತ್ತು ಎಂದ ಮೇಲೆ ತಪ್ಪು ನಿಮ್ಮದೇ ಎಂದು ನೀವು ಪುಸ್ತಕದ ಖಾಲಿ ಮನೆ ಹಿಡಿದು ಕೂತಿರಿ. ಕುಷ್ಟ ತನ್ನ ಗಳು ಸುಳ್ಳು ಹೇಳಿತು ಎನ್ನುತ್ತಾನೆ. ಮೂರನೇ ದಿನ ಹೋಗಿ ತಿರುಗಿ ಕುತ್ತಿ ನೋಡಿದನಂತೆ. ಇಲ್ಲಿಗೆ ಬಂದು ಜಗಲಿಯಲ್ಲಿ ಕೂತು ಹೇಳಿದ, “ನೀರ್ ನಾನ್ ಹೇಳಿದಲ್ಲೇ ಇತ್ತ್. ಎರಡ್ ದೀಪವೂ ಒಂದರ್ ಮೇಲೊಂದ್ ಕೂತಿತ್ತ್, ನಾನೇ ಕಂಡದ್ದ್. ಮತ್ತೆ ಎಂತಕ್ಕೆ ಹೊಡ್ದತ್? ನಿಮ್ಮನಿ ದೀಪ ತಪ್ಪುದಿಲ್ಲೆ. ನನ್ ಕಣ್ಣೇ ಹೋಯ್ತ್ ಕಾಣ್ತ್.” ಆಮೇಲೆ ಅವನು ಸಮುದ್ರಕ್ಕೆ ಇಳಿದಿಲ್ಲ. ದೋಣಿ ಮಗುಚಿ ಹಾಕಿ ಅದರ ನೆರಳಿನಲ್ಲಿ ಕೂತಿರುತ್ತಾನೆ. ಜಲಜ, ನಾನು ಆ ದಿನ ಹಚ್ಚಲು ಬಂದಿದ್ದರೆ ಬೊಬ್ಬರ್ಯ ಮುನಿಯುತ್ತಿರಲಿಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತಾಳೆ. ಊರಿನಲ್ಲಿ ಎಲ್ಲರೂ ಒಂದೊಂದು ತಪ್ಪು ಹೊತ್ತುಕೊಂಡರು. ನಾನೊಬ್ಬಳು ಬಿಸಿನೀರು ಮೀಯಿಸಿಕೊಂಡು, ಮೆಂತೆ ಗಂಜಿ ಕುಡಿದುಕೊಂಡು, ಬಾಳಂತಿ ಎಂದು ಎಲ್ಲರಿಂದ ಸೇವೆ ಮಾಡಿಸಿಕೊಂಡೆ. ಮೊನ್ನೆ ಜಲಜ ಬಂದು ಕೂಸಿಗೆ ಎಣ್ಣೆ ಹಚ್ಚಿ ಹೋದಳು. ಅವಳ ಕೈ ನನ್ನ ಮಗುವಿನ ಮೇಲೆ ಆಡುವುದನ್ನು ನೋಡಿಕೊಂಡು ಮಲಗಿದ್ದೆ. ನನಗೆ ನನ್ನ ಮೇಲೇ ಹೇಸಿಗೆ ಬಂತು.

ಹೆದರಿಕೆ ಏನಿತ್ತು ಎಂದೂ ಹೇಳಿಬಿಡುತ್ತೇನೆ. ಅಮ್ಮನನ್ನು ಊರು ಬಿಡುವುದಿಲ್ಲ ಎಂದು ಹೆದರಿದೆ. ಗುಲಾಬಿಯನ್ನು ದಾರಿಯಲ್ಲಿ ತೋರಿಸಿ ಹೇಳುತ್ತಾರೆ ಎಂದು ಹೆದರಿದೆ. ನೀವು ನನ್ನನ್ನು ಬಿಡುತ್ತೀರಿ ಎಂದೂ ಹೆದರಿದೆ. ನೀವು ನನ್ನ ಮೇಲೆ ರೇಗಿದ್ದರೆ ಆ ದಿನವೇ ಹೇಳಿಬಿಡುತ್ತಿದ್ದೆನೇನೋ. ನೀವು ರೇಗಲಿಲ್ಲ. ಗೋಡೆ ನೋಡುತ್ತಾ ಕೂತಿರಿ, ನಿಮ್ಮ ಜಾಗಕ್ಕೆ ಬೇರೆಯವನು ಬಂದ ದಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದಿರಿ. ನಾನು ಮುಖ ತಿರುಗಿಸಿ ಮಲಗಿದ್ದು ನಿಮ್ಮ ಮೇಲಿನ ಸಿಟ್ಟಿಗೆ ಎಂದು ನೀವು ತಿಳಿದಿರಬೇಕು. ಅಲ್ಲ. ಮುಖ ಕಂಡರೆ ನಿಮಗೆ ಗೊತ್ತಾಗುತ್ತದೆ ಎಂದು ತಿರುಗಿದ್ದೆ.

ನಿನ್ನೆ ನಿಮ್ಮ ನಾಲ್ಕು ಸಾಲು ಬಂದ ಮೇಲೆ ಹೆದರಿಕೆಯೆಲ್ಲ ಒಂದು ಕಡೆಗಾಯಿತು. ಮಾಡದ ತಪ್ಪಿಗೆ ನೀವು ಸಹಿ ಹಾಕುವುದು, ಒಂದು ಜೀವ ತೆಗೆದವನು ಎಂದು ಇರುವಷ್ಟು ದಿನ ತಲೆ ತಗ್ಗಿಸಿ ನಡೆಯುವುದು, ನಾನು ಪಕ್ಕದಲ್ಲಿ ಅನ್ನ ಬಡಿಸುತ್ತಾ ಇರುವುದು, ನನ್ನಿಂದ ಆಗುವುದಿಲ್ಲ. ನಾಳೆಗೆ ನಲವತ್ತು ದಿನ ಮುಗಿಯುತ್ತದೆ. ಸೋಮವಾರ ಕೂಸನ್ನು ಎತ್ತಿಕೊಂಡು ನಾನೇ ಬರುತ್ತೇನೆ. ಅಧಿಕಾರಿಗಳ ಎದುರು ಹೆಂಗಸು ಮಾತಾಡಬಾರದು ಎಂದೇನೂ ಕಾನೂನಿಲ್ಲವಲ್ಲ, ಇದ್ದರೆ ಹೊರಗೆ ನಿಂತು ಕೂಗಿ ಹೇಳುತ್ತೇನೆ. ಆಮೇಲೆ ನನ್ನನ್ನು ಮನೆಗೆ ಕರೆದುಕೊಂಡು ಹೋಗುವುದು ಬಿಡುವುದು ನಿಮ್ಮ ಇಷ್ಟ. ನಾನು ಏನೂ ಕೇಳುವುದಿಲ್ಲ. ಅಕ್ಷರ ಕೆಟ್ಟಿದ್ದರೆ ಸುಧಾರಿಸಿಕೊಂಡು ಓದಿ.

ಕೂಸಿಗೆ ನಿಮ್ಮ ಮೂಗು. ಎಲ್ಲರೂ ಹೇಳುತ್ತಾರೆ. ನೋಡಲು ಬನ್ನಿ ಎಂದು ಕರೆಯುವ ಮುಖ ನನಗಿಲ್ಲ, ಆದರೂ ಬರೆದೆ.

ಸಹಿ ಹಾಕಬೇಡಿ.

ಇತಿ, ನಿಮ್ಮ ಮನೆಯಲ್ಲಿ ಇನ್ನೂ ಇರುವ
ಉಮಾವತಿ

ತಾ. ಕ.: ಅಮ್ಮ ಸೀರೆ ಉಟ್ಟು ಕಾಗದಕ್ಕೆ ಕಾಯುತ್ತಾ ನಿಂತಿದ್ದಾಳೆ. ಮಡಚಿದವಳು ತಿರುಗಿ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ಲಾಟೀನನ್ನು ಕಂಬಕ್ಕೆ ತಿರುಗಿ ಇಟ್ಟದ್ದು ಅಮ್ಮ ಅಲ್ಲ. ಕೇಳಿದರೆ ಅವಳು ತಾನೇ ಎನ್ನುತ್ತಾಳೆ, ನಂಬಬೇಡಿ. ದೋಣಿ ಹೊಡೆದ ಸದ್ದಿಗೆ ನಾನು ಹಾಸಿಗೆಯಿಂದ ಎದ್ದು ಹೊರಗೆ ಬಂದೆ. ನೀರು ಎದುರಿಗೇ, ಕತ್ತಲೆಯಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಅಮ್ಮ ಜನ ಕರೆಯಲು ಹೊರಟಳು, ನಾನು ಅವಳ ರಟ್ಟೆ ಹಿಡಿದು, ಒಂದು ಗಳಿಗೆ ನಿಲ್ಲು, ಜನ ಬರುವಾಗ ದೀಪ ಇಲ್ಲಿ ಕಾಣಬಾರದು ಎಂದೆ. ತುಳಸಿ ಕಟ್ಟೆಯಿಂದ ಲಾಟೀನು ತೆಗೆದೆ. ಚಂದು ನೀರಿನಲ್ಲಿ ಬದುಕಿಯೇ ಇದ್ದ. ಅವನಿಗೆ ದಡ ಯಾವ ಕಡೆ ಎಂದು ಕಾಣುತ್ತಿರಲಿಲ್ಲ. “ಹ್ವಾಯ್ ಉಮಕ್ಕಾ, ದೀಪ ತಕಂಡ್ ಬನ್ನಿ, ಇಲ್ ನೀರಿಗೆ ತಕಂಡ್ ಬನ್ನಿ” ಎಂದು ನನ್ನನ್ನೇ ಕರೆದ, ಎರಡು ಸಲ ಕರೆದ. ದೀಪ ನನ್ನ ಕೈಯಲ್ಲೇ ಇತ್ತು. ನಾನು ನೀರಿನ ಕಡೆ ಹೋಗಲಿಲ್ಲ, ಕಂಬದ ಕಡೆ ಹೋದೆ.